ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್: ನಟನೆ ಬಿಟ್ಟವರನ್ನು ‘ಕಣ್ಮರೆಯಾದವರು’ ಎನ್ನಬಹುದೇ?

ಹಳೆಯ ವೀಕ್ಷಕ:

ಕಳೆದ ವಾರ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸ್ವಾಮಿಯ ಕಂತುಗಳನ್ನು ಮತ್ತೊಮ್ಮೆ ನೋಡಿದೆ. 1986ರಲ್ಲಿ ಅದು ದೂರದರ್ಶನದಲ್ಲಿ ಮೊದಲು ಬಂದಾಗ ನನಗೂ ತೆರೆಯ ಮೇಲಿನ ಸ್ವಾಮಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ಆ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಒತ್ತೊತ್ತಾಗಿ ಕುಳಿತಿರುತ್ತಿದ್ದ ನಮಗೆ ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತ ಶುರುವಾದ ಕೂಡಲೇ ಮಾತು ನಿಂತುಹೋಗುತ್ತಿತ್ತು. ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಒಂದೊಂದಾಗಿ ಸರಿದು ಕಥೆ ಆರಂಭವಾಗುವವರೆಗೆ ಯಾರೂ ಅಲುಗಾಡುತ್ತಿರಲಿಲ್ಲ.

ಕಂತು ಮುಗಿದ ಮೇಲೆ ಮಗ ಕೇಳಿದ ಪ್ರಶ್ನೆ ಒಂದೇ: ‘ಅಪ್ಪಾ, ಈ ಹುಡುಗ ಆಮೇಲೆ ಏನಾದ?’ ನನಗೆ ಅರ್ಧ ಉತ್ತರವಷ್ಟೇ ಗೊತ್ತಿತ್ತು, ಉಳಿದದ್ದನ್ನು ಹುಡುಕಿ ಓದಿದೆ. ಮಂಜುನಾಥ್ ಅವರು ಹುಟ್ಟಿದ್ದು 1976ರಲ್ಲಿ. ಮೂರು ವರ್ಷದ ಮಗುವಾಗಿದ್ದಾಗಲೇ ಕ್ಯಾಮೆರಾ ಮುಂದೆ ಬಂದ ಅವರು ಬಾಲನಟರಾಗಿ ಅರವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. 1988ರ ‘ರಣಧೀರ’ದಲ್ಲಿ ನಾಯಕನ ಬಾಲ್ಯದ ಪಾತ್ರ, 1990ರ ಹಿಂದಿಯ ‘ಅಗ್ನಿಪಥ್’ನಲ್ಲಿ ಅಮಿತಾಭ್ ಬಚ್ಚನ್ ಅವರ ಪಾತ್ರದ ಬಾಲ್ಯ ಅವರದೇ. ಅನಂತರ, ಇಪ್ಪತ್ತು ತುಂಬುವ ಮೊದಲೇ ನಟನೆಯನ್ನು ಬಿಟ್ಟು ಓದಿನತ್ತ ಹೊರಳಿದರು. ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಬೆಂಗಳೂರಿನ ಹೆದ್ದಾರಿ ಯೋಜನೆಯೊಂದರ ಸಾರ್ವಜನಿಕ ಸಂಪರ್ಕದ ಹೊಣೆ ಹೊತ್ತರು.

ಇಷ್ಟನ್ನು ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ಬಗೆಯ ಕಳವಳ. ಇಡೀ ದೇಶ ಗುರುತಿಸಿದ ಆ ಮುಖ ದೊಡ್ಡವನಾಗಿ ತೆರೆಯ ಮೇಲೆ ಕಾಣಿಸದೆ ಕಣ್ಮರೆಯಾದದ್ದು ಕನ್ನಡದ ನಟನಾ ಪರಂಪರೆಗೆ ಆದ ನಷ್ಟವಲ್ಲವೇ? ಬಲ್ಲವರು ದಯವಿಟ್ಟು ಬರೆಯಿರಿ.

ತೀರ್ಥಹಳ್ಳಿ ಕಡೆಯವಳು:

ಬರಹ ಓದಿ ಸಂತೋಷವಾಯಿತು, ಆದರೆ ‘ಕಣ್ಮರೆ’ ಎಂಬ ಮಾತು ಚುಚ್ಚಿತು. ಬೆಂಗಳೂರಿನಲ್ಲಿ ಎಲ್ಲರ ಕಣ್ಣೆದುರಿಗೇ ಉದ್ಯೋಗ ಮಾಡಿಕೊಂಡು, ಸಂದರ್ಶನಗಳಲ್ಲಿ ಆ ಧಾರಾವಾಹಿಯ ನಿರ್ದೇಶಕ ಶಂಕರ್ ನಾಗ್ ಅವರನ್ನು ಪ್ರೀತಿಯಿಂದ ನೆನೆಯುತ್ತಾ ಬಂದಿರುವ ಒಬ್ಬರು ಕಣ್ಮರೆಯಾಗಿದ್ದಾರೆ ಎನ್ನುವುದು ಯಾರ ಕಣ್ಣಿನಿಂದ? ನಾವು ಟಿ.ವಿ. ಪೆಟ್ಟಿಗೆಯನ್ನು ಮಾತ್ರ ನೋಡುತ್ತಿದ್ದೆವು, ಅವರು ಅದರಿಂದ ಹೊರಗೆ ನಡೆದರು. ಇಷ್ಟೇ ಆದದ್ದು.

ನಮ್ಮ ಊರಿನ ಕಡೆ ಈ ಧಾರಾವಾಹಿಯ ಮಾತು ಇಂದಿಗೂ ಹಳೆಯದಾಗಿಲ್ಲ. ಸ್ವಾಮಿಯ ಮನೆಯಾಗಿ ಕಾಣಿಸುವುದು ಆಗುಂಬೆಯ ದೊಡ್ಡಮನೆ. ಆ ಜಗಲಿಯ ಕಂಬಗಳು, ಒಳಗಿನ ತೊಟ್ಟಿ, ಮರದ ಹಳೆಯ ಮೆಟ್ಟಿಲುಗಳು ಎಲ್ಲವೂ ನೋಡಿದವರಿಗೆ ಕೂಡಲೇ ಗುರುತು ಸಿಗುತ್ತವೆ. ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣವೇ ತೆರೆಯ ಮೇಲಿನ ಮಾಲ್ಗುಡಿ ನಿಲ್ದಾಣವಾಗಿತ್ತು. ಆ ಹಳೆಯ ಕಟ್ಟಡ ಬಹಳ ಕಾಲ ಪಾಳುಬಿದ್ದಿತ್ತು. ರೈಲ್ವೆಯವರು ಅದನ್ನು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಆ ಕೆಲಸಕ್ಕೂ ಕೈ ಹಾಕಿದ್ದರು.

ನಾನು ಅಲ್ಲಿಗೆ ಹೋದಾಗ ಮಳೆ ಹಿಡಿದಿತ್ತು. ಬಾಗಿಲ ಬಳಿ ನಿಂತಿದ್ದ ವಯಸ್ಸಾದ ದಂಪತಿ ಗೋಡೆಯ ಚಿತ್ರವೊಂದನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಆ ಅಜ್ಜಿ ‘ನಮ್ಮ ಸ್ವಾಮಿ’ ಎಂದು ಹೇಳಿ, ಮೊಮ್ಮಗನ ಕೆನ್ನೆ ಸವರುವಂತೆ ಗಾಜಿನ ಮೇಲೆ ಬೆರಳಾಡಿಸಿದರು. ಅಷ್ಟು ಉಳಿದುಕೊಂಡಿರುವ ಕೆಲಸವನ್ನು ಮುಂದುವರಿಸಲಿಲ್ಲ ಎಂದು ನಾವು ಕೊರಗಬೇಕೇ?

ರಂಗಾಸಕ್ತ:

ನಷ್ಟವೋ ಅಲ್ಲವೋ ಎನ್ನುವ ಮೊದಲು ಆ ಹುಡುಗ ಮಾಡಿದ್ದು ಏನು ಎಂಬುದನ್ನು ಸರಿಯಾಗಿ ನೋಡೋಣ. ‘ಮುದ್ದಾಗಿ ಮಾಡಿದ್ದ’ ಎಂಬ ಒಂದೇ ಮಾತಿನಲ್ಲಿ ನಾವು ಅದನ್ನು ಮುಗಿಸಿಬಿಡುತ್ತೇವೆ, ಅದು ಅನ್ಯಾಯ.

ಸ್ವಾಮಿ ಅಪ್ಪನ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗಬೇಕಾಗಿ ಬರುವ ಕಥೆಯನ್ನು ನೆನಪಿಸಿಕೊಳ್ಳಿ. ಹುಲಿಯೊಡನೆ ಹೋರಾಡಿದ ಹುಡುಗನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಅಪ್ಪ, ಶಕ್ತಿಗಿಂತ ಧೈರ್ಯ ಮುಖ್ಯ ಎಂದು ವಾದಿಸಿ, ಅಜ್ಜಿಯ ಪಕ್ಕದಲ್ಲಿ ಮಲಗುವ ಮಗನಿಗೆ ಸವಾಲು ಹಾಕುತ್ತಾನೆ. ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಹುಡುಗನ ಮುಂದೆ ನಿಂತವರು ಸಣ್ಣ ನಟರಲ್ಲ. ರಾತ್ರಿ ಬೆಂಚಿನ ಕೆಳಗೆ ಮುದುಡಿ ಮಲಗಿದ ಸ್ವಾಮಿ, ಕತ್ತಲಲ್ಲಿ ಏನೋ ಸರಿದಾಡಿದ್ದನ್ನು ಕಂಡು, ಅದು ದೆವ್ವವೇ ಎಂದುಕೊಂಡು, ಉಪಾಯ ಕಾಣದೆ ಅದರ ಕಾಲನ್ನು ಕಚ್ಚಿ ಹಿಡಿಯುತ್ತಾನೆ. ಸಿಕ್ಕಿಬಿದ್ದವನು ಕಳ್ಳ. ಬೆಳಗಾದರೆ ಹುಡುಗ ಊರಿಗೇ ವೀರ.

ಈ ಕಥೆಯನ್ನು ಕಳಪೆ ಬಾಲನಟನ ಕೈಗೆ ಕೊಟ್ಟಿದ್ದರೆ ಬೆಳಗಿನ ದೃಶ್ಯದಲ್ಲಿ ಅವನು ಎದೆ ಉಬ್ಬಿಸಿ ನಿಲ್ಲುತ್ತಿದ್ದ. ಮಂಜುನಾಥ್ ಹಾಗೆ ಮಾಡುವುದಿಲ್ಲ. ಹೊಗಳಿಕೆ ಸುತ್ತಲೂ ಸುರಿಯುತ್ತಿರುವಾಗಲೂ ಆ ಮುಖದಲ್ಲಿ ರಾತ್ರಿಯ ಭಯ ಪೂರ್ತಿ ಆರಿರುವುದಿಲ್ಲ. ಹೊಗಳುವವರ ನಡುವೆ ಆ ಕಣ್ಣುಗಳು ಅಜ್ಜಿಯನ್ನೇ ಅರಸುತ್ತಿರುವಂತೆ ನನಗೆ ಕಾಣುತ್ತದೆ. ಕೊನೆಗೆ ಮತ್ತೆ ಅವಳ ಮಗ್ಗುಲಿಗೇ ಹೋಗಿ ಮಲಗುವುದು ಕಥೆಯಲ್ಲೇ ಇದೆ, ಆದರೆ ಆ ಕೊನೆ ನಮಗೆ ಆಶ್ಚರ್ಯ ಎನ್ನಿಸದಂತೆ ಮೊದಲಿನಿಂದಲೇ ಅದನ್ನು ಮುಖದಲ್ಲಿ ಇಟ್ಟುಕೊಂಡು ಬಂದದ್ದು ನಟನ ಕೆಲಸ. ದೊಡ್ಡವರ ಮಾತು ಕೇಳುವಾಗ ಆತ ಮಾತಿಗೆ ಕಾಯುವುದಿಲ್ಲ, ನಿಜಕ್ಕೂ ಕೇಳುತ್ತಾನೆ. ರಂಗಭೂಮಿಯಲ್ಲಿ ಹತ್ತಾರು ವರ್ಷ ದುಡಿದವರಿಗೂ ಇದು ಸುಲಭವಾಗಿ ಕೈಗೆ ಹತ್ತುವುದಿಲ್ಲ.

ಇದರಲ್ಲಿ ಶಂಕರ್ ನಾಗ್ ಅವರ ಪಾಲೂ ದೊಡ್ಡದು. ಮಕ್ಕಳಿಂದ ದೊಡ್ಡವರ ಹಾಗೆ ಮಾತಾಡಿಸುವ ಚಟ ಆ ಕಾಲದ ಸಿನಿಮಾಗಳಲ್ಲಿ ಧಾರಾಳವಾಗಿತ್ತು. ಅವರು ಅದನ್ನು ಹತ್ತಿರಕ್ಕೆ ಬಿಟ್ಟುಕೊಳ್ಳಲಿಲ್ಲ.

ಎರಡು ನುಡಿಯವನು:

ರಂಗಾಸಕ್ತ ಅವರ ಮಾತಿಗೆ ಸೇರಿಸಬೇಕಾದ ಇನ್ನೊಂದು ಕೆಲಸವಿದೆ. ಮಂಜುನಾಥ್ ಎಂದರೆ ನಮ್ಮ ಗಡಿನಾಡಿನ ತೆಲುಗು ಮನೆಗಳಲ್ಲಿ ಮೊದಲು ನೆನಪಾಗುವುದು ಸ್ವಾಮಿಯಲ್ಲ, ಗಂಗಾಧರ. 1992ರಲ್ಲಿ ತೆರೆಕಂಡ, ಕೆ. ವಿಶ್ವನಾಥ್ ಅವರ ‘ಸ್ವಾತಿ ಕಿರಣಂ’ ಚಿತ್ರದಲ್ಲಿ ಸಂಗೀತದ ದೈವದತ್ತ ಪ್ರತಿಭೆಯಿರುವ ಬಾಲಕನ ಪಾತ್ರ ಅವರದು. ಆ ಪ್ರತಿಭೆಯನ್ನು ಕಂಡು ಅಸೂಯೆಯಿಂದ ಬೇಯುವ ಹಿರಿಯ ಗುರುವಾಗಿ ಮಮ್ಮೂಟ್ಟಿ ಅಭಿನಯಿಸಿದ್ದಾರೆ. ಹುಡುಗನ ಕಂಠಕ್ಕೆ ಹಾಡಿದವರು ವಾಣಿ ಜಯರಾಂ. ಆ ಚಿತ್ರದ ಹಾಡಿಗಾಗಿ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಸ್ವರ ಹಿರಿಯ ಗಾಯಕಿಯದು, ತುಟಿ ಹದಿಹರೆಯಕ್ಕೆ ಕಾಲಿಡುತ್ತಿರುವ ಹುಡುಗನದು. ಹೀಗಿದ್ದೂ ಹಾಡು ಅವನೊಳಗಿನಿಂದಲೇ ಬರುತ್ತಿದೆ ಎಂದು ನಂಬಿಸುವುದು ಬರೀ ತುಟಿ ಕೂಡಿಸುವುದರಿಂದ ಆಗುವಂಥದ್ದಲ್ಲ. ಕತ್ತಿನ ನರ, ಉಸಿರು ತೆಗೆದುಕೊಳ್ಳುವ ಜಾಗ, ತಾಳ ಹಾಕುವ ಬೆರಳು ಎಲ್ಲವೂ ಸುಳ್ಳಾಡದೆ ನಿಲ್ಲಬೇಕು. ನಮ್ಮ ಮನೆಯಲ್ಲಿ ಸಂಗೀತ ಕಲಿಸುತ್ತಿದ್ದ ದೊಡ್ಡಮ್ಮ ಆ ಚಿತ್ರ ನೋಡುವಾಗ, ಹುಡುಗ ಉಸಿರು ತೆಗೆದುಕೊಳ್ಳುವುದನ್ನು ಗಮನಿಸಿ ‘ಇವನು ಕಲಿತಿದ್ದಾನೆ ನೋಡು’ ಎಂದಿದ್ದರು.

ಕಥೆಯ ಕೊನೆಯನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಗುರುವಿನ ದಾರಿಗೆ ತಾನು ಅಡ್ಡಿಯಾಗಬಾರದೆಂದು ಆ ಮಗು ಪ್ರಾಣವನ್ನೇ ಬಿಡುತ್ತದೆ. ಪ್ರತಿಭಾವಂತ ಮಗುವಿನ ಸುತ್ತ ಇರುವ ದೊಡ್ಡವರ ಆಸೆ, ಅಸೂಯೆ, ಹೆಮ್ಮೆಗಳು ಆ ಮಗುವಿನ ಮೇಲೆ ಎಷ್ಟು ಭಾರ ಹೇರಬಲ್ಲವು ಎಂಬುದನ್ನು ಹೇಳುವ ಕಥೆಯಲ್ಲಿ ನಟಿಸಿದ ಹುಡುಗ, ಕೆಲವೇ ವರ್ಷಗಳಲ್ಲಿ ತಾನಾಗಿ ಈ ರಂಗದಿಂದ ಹೊರನಡೆದರು. ಎರಡಕ್ಕೂ ಸಂಬಂಧ ಕಲ್ಪಿಸುವ ಹಕ್ಕು ನನಗಿಲ್ಲ. ಆದರೂ ಆ ಚಿತ್ರವನ್ನು ಈಗ ನೋಡುವಾಗ ಅವರು ಹೊರಗೆ ಬಂದು ಓದಿ, ಉದ್ಯೋಗ ಹಿಡಿದು ನೆಮ್ಮದಿಯಾಗಿದ್ದಾರೆ ಎಂಬುದೇ ನನಗೆ ಸಮಾಧಾನ ಕೊಡುತ್ತದೆ.

ಹಳೆಯ ವೀಕ್ಷಕ:

ತೀರ್ಥಹಳ್ಳಿ ಕಡೆಯವರೇ, ನಿಮ್ಮ ಆಕ್ಷೇಪ ನ್ಯಾಯವಾದದ್ದೇ ಇರಬಹುದು. ಆದರೂ ನನ್ನ ಪ್ರಶ್ನೆ ಪೂರ್ತಿ ಕರಗಿಲ್ಲ. ರಂಗಾಸಕ್ತ ಅವರು ವರ್ಣಿಸಿದಷ್ಟು ಶಕ್ತಿ ಹತ್ತನೇ ವಯಸ್ಸಿಗೇ ಇದ್ದರೆ ಮೂವತ್ತನೇ ವಯಸ್ಸಿಗೆ ಏನಾಗುತ್ತಿತ್ತು ಎಂದು ಕೇಳುವುದು ತಪ್ಪೇ?

ಭಾನುವಾರದ ಬೆಳಗು:

ತಪ್ಪಲ್ಲ. ಆದರೆ ಅದೇ ಕಾಲದಲ್ಲಿ ಅದೇ ದೂರದರ್ಶನದಿಂದ ಮನೆಮಾತಾದ ಇನ್ನೊಬ್ಬರನ್ನು ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಅಷ್ಟು ಸರಳವಲ್ಲ ಎಂದು ತೋರುತ್ತದೆ. ರಮಾನಂದ ಸಾಗರ್ ಅವರ ‘ರಾಮಾಯಣ’ 1987ರ ಜನವರಿ 25ರಂದು ಆರಂಭವಾಗಿ 1988ರ ಜುಲೈ 31ರವರೆಗೆ ಭಾನುವಾರದ ಬೆಳಗುಗಳಲ್ಲಿ ಬಂತು. ರಾಮನಾಗಿದ್ದ ಅರುಣ್ ಗೋವಿಲ್ ಅವರು ಅದಕ್ಕೂ ಮೊದಲೇ, 1970ರ ದಶಕದ ಕೊನೆಯಿಂದ, ಹಿಂದಿ ಚಿತ್ರಗಳಲ್ಲಿ ನಾಯಕನ ಪಾತ್ರ ಮಾಡುತ್ತಿದ್ದವರು. ಸಾಗರ್ ಅವರದೇ ‘ವಿಕ್ರಮ್ ಔರ್ ಬೇತಾಳ್’ ಧಾರಾವಾಹಿಯಲ್ಲಿ ರಾಜ ವಿಕ್ರಮಾದಿತ್ಯನಾಗಿದ್ದರು. ರಾಮನಾದ ಮೇಲೆ ಜನ ಅವರನ್ನು ಕಂಡಲ್ಲಿ ಕಾಲಿಗೆ ಬೀಳತೊಡಗಿದರು. ಮಾಮೂಲಿ ನಾಯಕನಾಗಿ, ಪ್ರೇಮಿಯಾಗಿ, ತಪ್ಪು ಮಾಡುವ ಮನುಷ್ಯನಾಗಿ ಅವರನ್ನು ನೋಡಲು ನಿರ್ಮಾಪಕರೂ ಸಿದ್ಧರಿರಲಿಲ್ಲ, ಪ್ರೇಕ್ಷಕರೂ ಸಿದ್ಧರಿರಲಿಲ್ಲ. ಈ ಸಂಕಷ್ಟವನ್ನು ಅವರು ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಅವರು ನಟನೆಯನ್ನು ಬಿಡಲಿಲ್ಲ, ಆದರೆ ಆ ಪಾತ್ರವೂ ಅವರನ್ನು ಬಿಡಲಿಲ್ಲ. 2020ರ ಲಾಕ್‌ಡೌನ್ ಸಮಯದಲ್ಲಿ ಮಾರ್ಚ್ 28ರಿಂದ ದೂರದರ್ಶನ ಅದನ್ನು ಮರುಪ್ರಸಾರ ಮಾಡಿದಾಗ ಹೊಸ ತಲೆಮಾರೂ ಅವರನ್ನು ಅದೇ ಹೆಸರಿನಿಂದ ಕರೆಯಿತು. 2024ರಲ್ಲಿ ಮೀರತ್‌ನಿಂದ ಲೋಕಸಭೆಗೆ ಆಯ್ಕೆಯಾದಾಗಲೂ ಪತ್ರಿಕೆಗಳ ತಲೆಬರಹದಲ್ಲಿ ಇದ್ದದ್ದು ರಾಮನೇ.

ವಯಸ್ಕ ನಟರಿಗೇ ಒಂದು ಪಾತ್ರದಿಂದ ಬಿಡಿಸಿಕೊಳ್ಳುವುದು ಇಷ್ಟು ಕಷ್ಟವಾಗಿದ್ದರೆ, ಹತ್ತು ವರ್ಷದ ಮುಖವನ್ನೇ ದೇಶವೆಲ್ಲ ನೆನಪಿಟ್ಟುಕೊಂಡಿರುವ ಹುಡುಗ ಇಪ್ಪತ್ತೈದರಲ್ಲಿ ಮೀಸೆ ಹೊತ್ತು ಬಂದು ನಿಂತರೆ ನಾವು ಹೇಗೆ ಸ್ವೀಕರಿಸುತ್ತಿದ್ದೆವು ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ. ‘ಮೊದಲಿನ ಸ್ವಾಮಿ ಈಗಿಲ್ಲ’ ಎನ್ನುವ ಮೊದಲಿಗರು ನಾವೇ ಆಗಿರುತ್ತಿದ್ದೆವು.

ಮಗಳ ತಂದೆ:

ಈ ಚರ್ಚೆಯನ್ನು ಮೂರು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಎಂಬ ಹಿಂಜರಿಕೆಯಿತ್ತು. ನನ್ನ ಮಗಳು ಏಳನೇ ವಯಸ್ಸಿನಲ್ಲಿ ಒಂದು ಕನ್ನಡ ದೈನಂದಿನ ಧಾರಾವಾಹಿಯಲ್ಲಿ ಎಂಟು ತಿಂಗಳು ನಟಿಸಿದ್ದಳು. ವಾಹಿನಿಯ ಹೆಸರನ್ನಾಗಲೀ ನಿರ್ಮಾಣ ಸಂಸ್ಥೆಯ ಹೆಸರನ್ನಾಗಲೀ ಹೇಳುವ ಇಚ್ಛೆ ನನಗಿಲ್ಲ.

ಮೊದಲ ತಿಂಗಳು ಮನೆಯಲ್ಲಿ ಹಬ್ಬದ ವಾತಾವರಣ. ನೆಂಟರಿಷ್ಟರ ಫೋನ್, ಶಾಲೆಯಲ್ಲಿ ಚಪ್ಪಾಳೆ, ತರಕಾರಿ ಅಂಗಡಿಯಲ್ಲೂ ಅವಳನ್ನು ಗುರುತಿಸುವ ಜನ. ವಾರದಲ್ಲಿ ಎರಡು ದಿನ ಎಂದು ಹೇಳಿದ್ದ ಕಾಲ್‌ಶೀಟ್ ನಾಲ್ಕು ದಿನವಾಯಿತು. ಬೆಳಿಗ್ಗೆ ಏಳಕ್ಕೆ ಹೊರಟರೆ ವಾಪಸಾಗುವುದು ರಾತ್ರಿ ಒಂಬತ್ತಕ್ಕೆ. ಆ ಇಡೀ ದಿನದಲ್ಲಿ ಅವಳ ದೃಶ್ಯ ಒಟ್ಟು ಒಂದು ಗಂಟೆಯೂ ಇರುತ್ತಿರಲಿಲ್ಲ, ಉಳಿದದ್ದೆಲ್ಲ ಕಾಯುವುದು. ಮೇಕಪ್ ರೂಮಿನ ಕನ್ನಡಿ ದೀಪಗಳ ಕೆಳಗೆ ಅವಳು ಮಗ್ಗಿ ಬರೆಯುತ್ತಿದ್ದಳು, ಪುಟದ ಅಂಚಿನಲ್ಲೆಲ್ಲ ಪೌಡರಿನ ಬೆರಳಚ್ಚು. ಆ ನೋಟ್‌ಬುಕ್ ಇಂದಿಗೂ ನನ್ನ ಬೀರುವಿನಲ್ಲಿದೆ.

ಒಂದು ಮಧ್ಯಾಹ್ನ ಊಟ ಮಾಡುವಾಗ ಅವಳ ಮುಂದಿನ ಹಾಲುಹಲ್ಲು ಬಿತ್ತು. ಬಹಳ ದಿನದಿಂದ ಅಲ್ಲಾಡುತ್ತಿದ್ದ ಹಲ್ಲು. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸಲು ಖುಷಿಯಿಂದ ಓಡಿದಳು. ಊಟಕ್ಕೆ ಮೊದಲು ಅದೇ ದೃಶ್ಯದ ಅರ್ಧ ಭಾಗ ಚಿತ್ರೀಕರಣವಾಗಿತ್ತು. ಸಹಾಯಕ ನಿರ್ದೇಶಕರೊಬ್ಬರು ತಲೆಯ ಮೇಲೆ ಕೈಹೊತ್ತು ‘ಅಯ್ಯೋ, ಕಂಟಿನ್ಯುಟಿ ಹೋಯ್ತಲ್ಲ’ ಎಂದರು. ಪ್ರೊಡಕ್ಷನ್ ಮ್ಯಾನೇಜರ್ ನನ್ನ ಕಡೆ ತಿರುಗಿ, ಒಂದು ದಿನ ಮೊದಲೇ ಹೇಳಬಾರದಿತ್ತೇ ಎಂದು ಗದರಿದರು. ಮಗಳ ಮುಖದಲ್ಲಿದ್ದ ಖುಷಿ ಹಾಗೇ ಇಳಿದುಹೋಯಿತು. ಬಾಯಿ ಮುಚ್ಚಿಕೊಂಡೇ ಮಾತಾಡುವಂತೆ ದೃಶ್ಯ ಬದಲಾಯಿಸಿದರು. ಆ ರಾತ್ರಿ ಕಾರಿನಲ್ಲಿ ಅವಳು ‘ಅಪ್ಪಾ, ಹಲ್ಲು ಬಿದ್ದಿದ್ದು ನನ್ನ ತಪ್ಪಾ?’ ಎಂದು ಕೇಳಿದಳು.

ನಾನು ಅವಳನ್ನು ಕೂಡಲೇ ಬಿಡಿಸಲಿಲ್ಲ. ಇದನ್ನು ಹೇಳಲು ನನಗೆ ನಾಚಿಕೆಯಿದೆ. ಒಪ್ಪಂದವಾಗಿದೆ, ಕಥೆ ನಡುವೆ ನಿಂತರೆ ನೂರಾರು ಜನರ ಕೆಲಸಕ್ಕೆ ತೊಂದರೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡು ಇನ್ನೂ ಎರಡು ತಿಂಗಳು ಎಳೆದೆ. ಕಥೆಯಲ್ಲಿ ಕೆಲವು ವರ್ಷ ಮುಂದಕ್ಕೆ ಜಿಗಿದು ಅವಳ ಪಾತ್ರಕ್ಕೆ ಬೇರೆ ಹುಡುಗಿ ಬಂದಾಗ ಅವಳು ಒಂದು ದಿನವೂ ಅಳಲಿಲ್ಲ. ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಯಾರಾದರೂ ‘ಆ ಧಾರಾವಾಹಿಯ ಪುಟ್ಟಿ ನೀನೇ ಅಲ್ವಾ’ ಎಂದರೆ ‘ಹೌದು’ ಎಂದು ನಕ್ಕು ಮುಂದೆ ಹೋಗುತ್ತಾಳೆ.

ಮಂಜುನಾಥ್ ಅವರು ಯಾಕೆ ಬಿಟ್ಟರೋ ನನಗೆ ಗೊತ್ತಿಲ್ಲ, ಅವರ ಅನುಭವ ಬಹುಶಃ ಇದಕ್ಕಿಂತ ಎಷ್ಟೋ ಸುಂದರವಾಗಿತ್ತು. ಆದರೆ ಬಿಟ್ಟವರನ್ನು ಕಂಡು ಅಯ್ಯೋ ಎನ್ನುವ ಅಭ್ಯಾಸ ನನಗೆ ಅಂದಿನಿಂದ ಹೋಗಿದೆ.

ವಕೀಲೆ:

ಮಗಳ ತಂದೆಯವರೇ, ಬರೆದದ್ದಕ್ಕೆ ವಂದನೆಗಳು. ನಿಮ್ಮ ಅನುಭವದಂಥವು ಬೇರೆ ಪಾಲಕರಿಗೂ ಆಗುತ್ತಿರುವುದರಿಂದ ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ದಾಖಲಿಸುತ್ತೇನೆ, ಏಕೆಂದರೆ ಪಾಲಕರಲ್ಲಿ ಬಹುತೇಕರು ಒಪ್ಪಂದದ ಕಾಗದಕ್ಕೆ ಸಹಿ ಹಾಕುವಾಗ ಇದನ್ನು ಕೇಳಿಯೂ ಇರುವುದಿಲ್ಲ.

ಬಾಲಕಾರ್ಮಿಕ ಪದ್ಧತಿಯನ್ನು ನಿಯಂತ್ರಿಸುವ ನಮ್ಮ ಕಾಯ್ದೆ ಬಂದದ್ದು 1986ರಲ್ಲಿ, ಸ್ವಾಮಿ ತೆರೆಗೆ ಬಂದ ವರ್ಷವೇ. ಆಗ ಅದು ಕೆಲವು ಅಪಾಯಕಾರಿ ಉದ್ಯೋಗಗಳನ್ನು ಮಾತ್ರ ನಿಷೇಧಿಸಿತ್ತು. 2016ರ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗದಲ್ಲೂ ತೊಡಗಿಸಬಾರದೆಂದು ಹೇಳಿ, ಎರಡು ವಿನಾಯಿತಿಗಳನ್ನು ಇಟ್ಟಿತು. ಒಂದು, ಶಾಲೆಯ ಸಮಯದ ಹೊರಗೆ ಕುಟುಂಬದ ಕೆಲಸದಲ್ಲಿ ನೆರವಾಗುವುದು. ಇನ್ನೊಂದು, ಸರ್ಕಸ್ ಬಿಟ್ಟು ಸಿನಿಮಾ, ಟಿ.ವಿ., ಜಾಹೀರಾತು ಮುಂತಾದ ಮನರಂಜನೆಯಲ್ಲಿ ಕಲಾವಿದರಾಗಿ ದುಡಿಯುವುದು. ಈ ಎರಡನೆಯ ವಿನಾಯಿತಿಗೆ 2017ರ ನಿಯಮಗಳು ಸ್ಪಷ್ಟ ಷರತ್ತುಗಳನ್ನು ಹಾಕಿವೆ. ಮಗು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ವಿಶ್ರಾಂತಿಯಿಲ್ಲದೆ ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು. ಪಾಠ ತಪ್ಪದಂತೆ ವ್ಯವಸ್ಥೆ ಮಾಡಬೇಕು, ಸತತವಾಗಿ 27 ದಿನಗಳಿಗಿಂತ ಹೆಚ್ಚು ಕೆಲಸ ಮಾಡಿಸಬಾರದು. ಪ್ರತಿ ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿ ವ್ಯಕ್ತಿಯನ್ನು ನೇಮಿಸಬೇಕು. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ಅದು ಮಗುವಿನ ಕೈಗೆ ಬರುವುದು ವಯಸ್ಕನಾದ ಮೇಲೆ. ಮಗುವಿನ ಇಚ್ಛೆಗೆ ವಿರುದ್ಧವಾಗಿ ಯಾವ ಕಾರ್ಯಕ್ರಮದಲ್ಲೂ ತೊಡಗಿಸುವಂತಿಲ್ಲ ಎಂಬ ಮಾತೂ ಅದೇ ನಿಯಮದಲ್ಲಿದೆ.

ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಎಂದು ನೀವು ಬರೆದಿದ್ದೀರಿ. ಕಾಯುವುದು ಕೆಲಸವಲ್ಲ ಎಂದು ವಾದಿಸುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು, ವೇಷ ತೊಟ್ಟು, ಕರೆದ ಕೂಡಲೇ ಎದ್ದು ಬರಲು ಸಿದ್ಧವಾಗಿ ಕುಳಿತ ಏಳು ವರ್ಷದ ಮಗು ಅಷ್ಟೂ ಹೊತ್ತು ಕೆಲಸದಲ್ಲೇ ಇದೆ.

ಮಗಳ ತಂದೆ:

ಠೇವಣಿಯ ವಿಷಯ ಆಗ ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಕೇಳಿದರೆ ಏನಾದರೂ ಆಗುತ್ತದೆಯೇ?

ವಕೀಲೆ:

ಒಪ್ಪಂದದ ಪ್ರತಿ ಮತ್ತು ಹಣ ಸಂದಾಯವಾದ ಬ್ಯಾಂಕ್ ದಾಖಲೆಗಳನ್ನು ತೆಗೆದಿಟ್ಟುಕೊಳ್ಳಿ. ನಿಮ್ಮ ಜಿಲ್ಲೆಯ ಕಾರ್ಮಿಕ ಇಲಾಖೆಯ ಅಧಿಕಾರಿಗಳಿಗೆ ಲಿಖಿತವಾಗಿ ಕೇಳಿ, ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಕೊಡಬಹುದು. ವಿವರಗಳನ್ನು ಇಲ್ಲಿ ಬಹಿರಂಗವಾಗಿ ಬರೆಯಬೇಡಿ. ದಾಖಲೆಗಳನ್ನು ಖುದ್ದು ನೋಡಿದವರಷ್ಟೇ ನಿಮಗೆ ಖಚಿತವಾದ ಸಲಹೆ ಕೊಡಬಲ್ಲರು.

ರಂಗಾಸಕ್ತ:

ಅಂದಿನ ವಾರಕ್ಕೊಮ್ಮೆಯ ಧಾರಾವಾಹಿಗೂ ಇಂದಿನ ದೈನಂದಿನ ಧಾರಾವಾಹಿಗೂ ಇರುವ ವ್ಯತ್ಯಾಸ ಈ ಮಾತುಕತೆಯಲ್ಲಿ ಮುಖ್ಯ. ‘ಮಾಲ್ಗುಡಿ ಡೇಸ್’ ಬಿಡಿ ಕಥೆಗಳ ಸರಣಿ. ಮೊದಲ ಸುತ್ತಿನಲ್ಲಿ ಬಂದದ್ದು 39 ಕಂತುಗಳು, ಅವುಗಳಲ್ಲೂ ಸ್ವಾಮಿ ಇರುವುದು ಕೆಲವೇ ಕಂತುಗಳಲ್ಲಿ. ಕಥೆಗೆ ಒಂದು ಕೊನೆಯಿತ್ತು, ಆ ಕೊನೆ ಎಲ್ಲರಿಗೂ ಮೊದಲೇ ಗೊತ್ತಿತ್ತು. ಈಗಿನ ದೈನಂದಿನ ಧಾರಾವಾಹಿಯಲ್ಲಿ ವಾರಕ್ಕೆ ಐದಾರು ಕಂತು ತುಂಬಿಸಬೇಕು. ನಾಳೆಯ ಪ್ರಸಾರಕ್ಕೆ ಇಂದು ಚಿತ್ರೀಕರಣ ಮಾಡುವ ಸ್ಥಿತಿ ಬಂದಾಗ ಮೊದಲು ಹಿಂಡಿಹೋಗುವುದು ಮಗುವಿನ ನಿದ್ದೆ. ಟಿ.ಆರ್.ಪಿ. ಏರಿದರೆ ಮಗುವಿನ ದೃಶ್ಯಗಳನ್ನು ಹೆಚ್ಚಿಸುತ್ತಾರೆ, ಅಂದರೆ ಚೆನ್ನಾಗಿ ನಟಿಸಿದ ಮಗುವಿಗೆ ಸಿಗುವ ಬಹುಮಾನವೇ ಇನ್ನಷ್ಟು ದುಡಿಮೆ.

ಇನ್ನೊಂದು ವಿಷಯದಲ್ಲಿ ನನ್ನದೊಂದು ವಿನಂತಿ. ಶಂಕರ್ ನಾಗ್ ಅವರು 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಅಪಘಾತದಲ್ಲಿ ತೀರಿಕೊಂಡರು, ಆ ದುಃಖದಿಂದಲೇ ಮಂಜುನಾಥ್ ನಟನೆ ಬಿಟ್ಟರು ಎಂಬ ಮಾತು ಅಲ್ಲಲ್ಲಿ ಓಡಾಡುತ್ತಿರುತ್ತದೆ. ದಿನಾಂಕಗಳನ್ನು ನೋಡಿದರೂ ಸಾಕು, ‘ಸ್ವಾತಿ ಕಿರಣಂ’ ಬಂದದ್ದು ಆ ಸಾವಿನ ನಂತರ. ತಮ್ಮನ್ನು ಕೈಹಿಡಿದು ನಡೆಸಿದ ನಿರ್ದೇಶಕರನ್ನು ಹದಿಮೂರನೇ ವಯಸ್ಸಿನಲ್ಲಿ ಕಳೆದುಕೊಂಡ ಹುಡುಗನ ದುಃಖ ಎಷ್ಟು ದೊಡ್ಡದಿರಬಹುದೆಂದು ನಾವು ಊಹಿಸಬಲ್ಲೆವು, ಆದರೆ ಅದನ್ನೇ ಅವರ ಬದುಕಿನ ನಿರ್ಧಾರಕ್ಕೆ ಕಾರಣವೆಂದು ಬರೆಯುವುದು ನಮ್ಮ ಕೆಲಸವಲ್ಲ. ಓದಬೇಕೆನಿಸಿತು, ಓದಿದರು. ಯಾವ ಇಂಜಿನಿಯರನ್ನೂ ನಾವು ‘ನೀವೇಕೆ ನಟರಾಗಲಿಲ್ಲ’ ಎಂದು ಕೇಳುವುದಿಲ್ಲ. ಇವರಿಂದ ಮಾತ್ರ ಜೀವಮಾನವಿಡೀ ವಿವರಣೆ ಬೇಡುವುದು ಸರಿಯಲ್ಲ.

ತೀರ್ಥಹಳ್ಳಿ ಕಡೆಯವಳು:

ಈ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಅವರ ಕುಟುಂಬದ ಬಗ್ಗೆ, ಸಂಬಳದ ಬಗ್ಗೆ ಕೇಳುವ ಬರಹಗಳನ್ನು ಬೇರೆಡೆ ಓದಿ ಬೇಸರವಾಗಿತ್ತು. ಇಲ್ಲಿ ಯಾರೂ ಅತ್ತ ಹೋಗದಿದ್ದದ್ದು ಸಂತೋಷ.

ಎರಡು ನುಡಿಯವನು:

ಒಂದು ವಿಷಯಕ್ಕೆ ಮಾತ್ರ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಮಕ್ಕಳು ನಟಿಸಲೇಬಾರದು ಎಂಬ ತೀರ್ಮಾನದತ್ತ ಚರ್ಚೆ ಜಾರಬಾರದು. ಗಂಗಾಧರನನ್ನೋ ಸ್ವಾಮಿಯನ್ನೋ ದೊಡ್ಡವರು ಮಾಡಲಾರರು. ನಮ್ಮ ಬಾಲ್ಯದ ಭಯ, ಗೆಳೆತನ, ಅವಮಾನ ಎಲ್ಲಕ್ಕೂ ತೆರೆಯ ಮೇಲೆ ಒಂದು ಮುಖ ಸಿಕ್ಕಿದ್ದು ಅಂಥ ಮಕ್ಕಳಿಂದಲೇ. ಐದು ಗಂಟೆಯ ಮಿತಿಯೊಳಗೆ, ಮಗುವನ್ನು ಮಗುವೆಂದೇ ಕಾಣುವವರ ನಡುವೆ ಆ ಕೆಲಸ ನಡೆಯಲಿ. ಅದು ಆಗದ ಮಾತೇನಲ್ಲ.

ಮಗಳ ತಂದೆ:

ನನ್ನ ಅಭಿಪ್ರಾಯವೂ ಅದೇ. ಮಗಳು ಈ ವರ್ಷ ಶಾಲೆಯ ನಾಟಕದಲ್ಲಿ ಪಾತ್ರ ಕೇಳಿ ಪಡೆದಿದ್ದಾಳೆ. ಈ ಬಾರಿ ಕೇಳಿದವಳು ಅವಳೇ. ಠೇವಣಿಯ ಬಗ್ಗೆ ನಾಳೆ ಕಾರ್ಮಿಕ ಇಲಾಖೆಗೆ ಪತ್ರ ಕೊಡುತ್ತಿದ್ದೇನೆ.

ಹಳೆಯ ವೀಕ್ಷಕ:

ಎಲ್ಲರ ಬರಹಗಳನ್ನೂ ಎರಡೆರಡು ಸಲ ಓದಿದೆ. ‘ಕಣ್ಮರೆ’ ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಶೀರ್ಷಿಕೆಯಲ್ಲಿ ಅದನ್ನು ಪ್ರಶ್ನೆಯಾಗಿಯೇ ಉಳಿಸಿದ್ದೇನೆ, ಏಕೆಂದರೆ ತೀರ್ಥಹಳ್ಳಿ ಕಡೆಯವರ ಉತ್ತರ ಅದರ ಕೆಳಗೇ ಇದೆ.

ನಿನ್ನೆ ರಾತ್ರಿ ಮಗನೊಂದಿಗೆ ಸ್ವಾಮಿಯ ಕಥೆಯ ಕೊನೆಯ ಭಾಗವನ್ನು ನೋಡಿದೆ. ಗೆಳೆಯ ರಾಜಂ ಊರು ಬಿಟ್ಟು ಹೋಗುತ್ತಿದ್ದಾನೆ. ಕ್ರಿಕೆಟ್ ಪಂದ್ಯಕ್ಕೆ ಬಾರದ ಸ್ವಾಮಿಯ ಮೇಲೆ ಅವನಿಗಿನ್ನೂ ಕೋಪ. ಸ್ವಾಮಿ ಕೊಡಲೆಂದು ಪುಸ್ತಕವೊಂದನ್ನು ಹಿಡಿದು ನಿಲ್ದಾಣಕ್ಕೆ ಬಂದಿದ್ದಾನೆ. ರೈಲು ಹೊರಡುವವರೆಗೂ ಕೊಡುವ ಧೈರ್ಯ ಬರುವುದಿಲ್ಲ. ಕೊನೆಗೆ ಪುಸ್ತಕ ರಾಜಂನ ಕೈ ಸೇರುತ್ತದೆ, ಆದರೆ ಅವನು ಏನೆಂದ ಎಂಬುದು ರೈಲಿನ ಸದ್ದಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ನಿಂತುಹೋದ ಸ್ವಾಮಿಗೆ ಉಳಿಯುವುದು ಒಂದೇ ಪ್ರಶ್ನೆ, ಅವನು ಕಾಗದ ಬರೆಯುತ್ತಾನೋ ಇಲ್ಲವೋ ಎಂಬುದು.

ಮಗ ಬಹಳ ಹೊತ್ತು ಸುಮ್ಮನಿದ್ದು, ‘ಬರೆದನಾ?’ ಎಂದು ಕೇಳಿದ. ಈ ಸಲ ಅವನು ಕೇಳಿದ್ದು ನಟನ ಬಗ್ಗೆ ಆಗಿರಲಿಲ್ಲ, ಸ್ವಾಮಿಯ ಬಗ್ಗೆ.